ಧೋತರ ಕಂಡ ಮೇಲೆ ಹಂಚು

ಸಿಂಗಪುರದ ಪಾಸಿರ್ ರಿಸ್‌ನ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದ ಎದುರು ಬ್ಲಾಕಿನ ಅಡುಗೆಮನೆ ಕಾಣುತ್ತದೆ. ಅಲ್ಲಿಯ ಆಂಟಿ ಇವತ್ತು ಯಾವ ಬಣ್ಣದ ಟವೆಲ್ ಒಣಹಾಕಿದ್ದಾರೆ ಎಂದು ಕೇಳಿದರೆ ಹೇಳಬಲ್ಲೆ. ಅವರ ಮನೆಯ ಆಚೆಗೆ ಏನಿದೆ ಎಂದರೆ ಹೇಳಲಾರೆ. ಕಣ್ಣು ಆ ಟವೆಲಿಗೆ ಹೋಗಿ ನಿಂತುಬಿಡುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಹೀಗೆ ನಿಂತು ನಿಂತು ಅದಕ್ಕೂ ರೂಢಿಯಾಗಿದೆ.

ನಾನು ಹುಟ್ಟಿ ಬೆಳೆದದ್ದು ಗದಗಿನ ಕಡೆಯ ಎರೆಭೂಮಿಯಲ್ಲಿ. ಊರಿನ ಕಟ್ಟಕಡೆಯ ಮನೆ ನಮ್ಮದು. ಹಿತ್ತಲು ದಾಟಿದರೆ ಕಪ್ಪು ನೆಲ, ನೆಲ ಮುಗಿದಲ್ಲಿ ಆಕಾಶ, ನಡುವೆ ಅಡ್ಡಬರುವುದು ಏನೂ ಇಲ್ಲ. ಸಂಜೆ ಅಪ್ಪ ಹೊಲದಿಂದ ಬರುವುದನ್ನು ಕಾಯುವ ಕೆಲಸ ನನ್ನದು. ಹಿತ್ತಲಿನ ಕಟ್ಟೆಯ ಮೇಲೆ ನಿಂತು ದಿಟ್ಟಿಸುತ್ತಿದ್ದೆ. ಮೊದಲು ಕಾಣುವುದು ಅಪ್ಪ ಅಲ್ಲ, ಅಪ್ಪನ ಧೋತರ. ಕಪ್ಪು ನೆಲದ ಮೇಲೆ ಜೋಳದ ಕಾಳಿನಷ್ಟು ಬಿಳುಪು. ಅದು ಕಂಡ ಕೂಡಲೇ ಒಳಗೆ ಓಡಿ, "ಯವ್ವಾ, ಧೋತರ ಕಂಡ್ತು!" ಎಂದು ಕೂಗಬೇಕು. ಅವ್ವ ಆಗ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅದಕ್ಕಿಂತ ಮುಂಚೆ ಇಟ್ಟರೆ ಸೌದೆ ದಂಡ, ತಡವಾಗಿ ಇಟ್ಟರೆ ಹಸಿದು ಬಂದವರು ಕಾಯಬೇಕು. ಹಿಟ್ಟು ನಾದಿ, ಬಡಿದು, ಅಪ್ಪ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿರುತ್ತಿತ್ತು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಇದೇ ಪದ್ಧತಿ. ಗೋಡೆಯ ಮೇಲೆ ಗಡಿಯಾರ ಇದ್ದವರೂ ಬಯಲನ್ನೇ ನೋಡುತ್ತಿದ್ದರು.

ಮೈಸೂರಿನ ಕಡೆಯವರನ್ನು ಮದುವೆಯಾಗಿ, ಅವರ ಕೆಲಸದ ಹಿಂದೆ ಸಿಂಗಪುರಕ್ಕೆ ಬಂದೆ. ಇಲ್ಲಿ ದೂರ ಎನ್ನುವುದನ್ನು ಸ್ಟೇಷನ್ನುಗಳಲ್ಲಿ ಅಳೆಯುತ್ತಾರೆ. "ಎಷ್ಟು ದೂರ?" ಎಂದರೆ "ಮೂರು ಸ್ಟಾಪ್" ಎನ್ನುತ್ತಾರೆ. ಬೀಚಿಗೆ ಹೋಗಿ ನಿಂತರೆ ಸಮುದ್ರವಾದರೂ ಉದ್ದಕ್ಕೆ ಹೋದೀತೆಂದು ಆಸೆ. ಅಲ್ಲೂ ಎದುರಿಗೆ ದ್ವೀಪ, ಅದರ ಹಿಂದೆ ಇನ್ನೊಂದು ದೇಶದ ದಡ, ನಡುವೆ ಹಡಗುಗಳು. ಊರು ಚೆಂದವೇ, ದೂರುವುದಿಲ್ಲ. ಉಂಡ ಮನೆಯ ಗಳ ಎಣಿಸುವವಳಲ್ಲ ನಾನು.

ನನ್ನ ಆಫೀಸು ಪಾಯಾ ಲೆಬಾರ್‌ನಲ್ಲಿ. ಗೋಧಿ, ಸಾಸಿವೆ, ಮಸೂರ ಬೇಳೆಯ ದೊಡ್ಡ ವ್ಯಾಪಾರಿಗಳಿಗೆ ಉಪಗ್ರಹದ ಚಿತ್ರ ನೋಡಿ ಬೆಳೆ ಹೇಗಿದೆ ಎಂದು ಹೇಳುವ ಸಣ್ಣ ಕಂಪನಿ. ಕೆನಡಾದ ಒಣ ಹುಲ್ಲುಬಯಲಿನ ಒಂದು ಭಾಗ ನನ್ನ ಪಾಲಿಗೆ ಬಂದು ಎಂಟೊಂಬತ್ತು ವರ್ಷವಾಯಿತು. ಕಿಟಕಿಯ ಕೆಳಗೆ ಎಂಆರ್‌ಟಿ ರೈಲು ಓಡಾಡುತ್ತಿರುತ್ತದೆ, ನಾನು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆಯ ಹೊಲಗಳಿಗೆ ಬದು ಬರೆಯುತ್ತಿರುತ್ತೇನೆ. ಹೊಲಕ್ಕೆ ಹಳದಿ, ಹುಲ್ಲಿಗೆ ಕಂದು, ಹೊಂಡಕ್ಕೆ ನೀಲಿ. ಜನ ಇರುವ ಮನೆಗೆ ಕೆಂಪು ಚುಕ್ಕಿ, ಪಾಳುಬಿದ್ದದ್ದಕ್ಕೆ ಬೂದು ಚುಕ್ಕಿ.

ಮೊದಲ ಸಲ ಆ ಬಯಲು ಸ್ಕ್ರೀನಿನ ಮೇಲೆ ಬಿಚ್ಚಿಕೊಂಡಾಗ ನಾನು ಕೈ ಮೌಸಿನಿಂದ ತೆಗೆದು ಸುಮ್ಮನೆ ಕೂತುಬಿಟ್ಟೆ. ನಮ್ಮ ಎರೆಸೀಮೆ ನನಗೆ ದೊಡ್ಡದು ಎನಿಸಿತ್ತು. ಇದರ ಮುಂದೆ ಅದು ಅಂಗಳ. ಅಷ್ಟು ದೊಡ್ಡ ನೆಲವನ್ನು ಯಾರೋ ಮೈಲಿಗೊಂದು ಚೌಕ ಮಾಡಿ ಗೆರೆ ಕೊರೆದಿಟ್ಟಿದ್ದರು. ಹಳ್ಳ ಬರಲಿ, ದಿಬ್ಬ ಬರಲಿ, ಗೆರೆ ಮಾತ್ರ ನೆಟ್ಟಗೆ. ರಸ್ತೆಗಳೆಲ್ಲ ಆ ಗೆರೆಗಳ ಮೇಲೆಯೇ. ಆದರೆ ಉತ್ತರಕ್ಕೆ ಹೋಗುವ ರಸ್ತೆ ಒಂದಷ್ಟು ದೂರ ನೆಟ್ಟಗೆ ಹೋಗಿ, ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು, ಮತ್ತೆ ನೆಟ್ಟಗಾಗುತ್ತದೆ. ಅಳೆದವನು ಕುಡಿದಿದ್ದನೇನೋ ಎಂದು ಎರಡು ವರ್ಷ ನಕ್ಕಿದ್ದೆ. ಆಮೇಲೆ ತಿಳಿಯಿತು: ಭೂಮಿ ದುಂಡಗಿದೆ, ಉತ್ತರಕ್ಕೆ ಹೋದಂತೆ ಗೆರೆಗಳು ಒಂದರ ಹತ್ತಿರ ಒಂದು ಬರುತ್ತವೆ, ಚೌಕ ಕೆಡದಿರಲೆಂದು ಅಲ್ಲಲ್ಲಿ ಹೀಗೆ ಸರಿಸಿದ್ದಾರೆ. ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಒಂದು ಮಣ್ಣಿನ ರಸ್ತೆ ಸೊಟ್ಟಗಾಗಿ ಅದನ್ನು ತೋರಿಸಿದ ದಿನ ಮೈ ಜುಂ ಎಂದಿತು.

ನಮ್ಮ ಊರುಗಳು ನೀರು ಹುಡುಕಿಕೊಂಡು ಕೂತವು. ಅಲ್ಲಿಯ ಊರುಗಳು ರೈಲು ಹಳಿಯ ಮೇಲೆ, ಅಳತೆ ಮಾಡಿ ಪೋಣಿಸಿದಂತೆ, ಇಷ್ಟಿಷ್ಟು ಮೈಲಿಗೆ ಒಂದೊಂದು. ಊರಿಗೊಂದು ಕಾಳಿನ ಗೋಪುರ. ನಮ್ಮವರು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ಬಚ್ಚಿಟ್ಟರೆ, ಇವರು ಗೋಧಿಯನ್ನು ಆಕಾಶಕ್ಕೆ ಏರಿಸಿ ಇಟ್ಟಿದ್ದರು. ಒಕ್ಕಲು ಮನೆಗಳು ಊರಿನಲ್ಲಿ ಇಲ್ಲವೇ ಇಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಚೌಕದ ನಡುವೆ, ಗಾಳಿಗೆ ತಡೆಯೆಂದು ಸುತ್ತ ಗಿಡದ ಸಾಲು ನೆಟ್ಟುಕೊಂಡು, ನೆರೆಮನೆಯಿಂದ ಮೈಲಿಗಟ್ಟಲೆ ದೂರ. ಆ ಗಿಡದ ಸಾಲು ಕಂಡರೆ ಸಾಕು, ನಾನು ಕೆಂಪು ಚುಕ್ಕಿ ಇಡುತ್ತಿದ್ದೆ. ಎರೆಬಯಲಿನಲ್ಲಿ ಗಿಡ ಕಂಡಲ್ಲಿ ಬಾವಿ, ಬಾವಿ ಇದ್ದಲ್ಲಿ ಮನೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶಾಲೆಗೆ ರಜೆ ಇದ್ದಾಗ ಮಗಳನ್ನು ಆಫೀಸಿಗೆ ಕರೆದೊಯ್ಯುತ್ತಿದ್ದೆ. ಅವಳು ಇಲ್ಲೇ ಹುಟ್ಟಿದವಳು, ಬ್ಲಾಕಿನ ಬುಡದ ಖಾಲಿ ಮೊಗಸಾಲೆಯಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಸೈಕಲ್ ಕಲಿತವಳು. ಪಕ್ಕದ ಕುರ್ಚಿಯಲ್ಲಿ ಕೂತು ಕಂದು ಬಣ್ಣದ ಚೌಕಗಳನ್ನು ತೋರಿಸಿ, "ಇಲ್ಲಿ ಯಾಕೆ ಯಾರೂ ಏನೂ ಬೆಳೆದಿಲ್ಲ?" ಎಂದು ಕೇಳುತ್ತಿದ್ದಳು. ಹುಲ್ಲು ಇದೆ ಎಂದರೆ, "ಹುಲ್ಲು ಅಂದ್ರೆ ಏನೂ ಇಲ್ಲ ಅಂತಾನಾ?" ಮುಂದೆ ಅದೇ ಪ್ರಶ್ನೆ ಹಿಡಿದುಕೊಂಡು ಹೋಗಿ, ಹುಲ್ಲಿನ ಬೇರುಗಳನ್ನು ಓದಲು ಅದೇ ಬಯಲಿಗೆ ಎರಡು ವರ್ಷಕ್ಕೆ ಸೀಟು ಹಿಡಿದಳು. ನನ್ನ ನಕ್ಷೆಯ ಮೇಲೆಯೇ ಅವಳು ಉಳಿದುಕೊಂಡು ಕೆಲಸ ಮಾಡಬೇಕಾದ ಫೀಲ್ಡ್ ಸ್ಟೇಷನ್ ಇತ್ತು. ನಮ್ಮನೆಯವರು ನನ್ನ ಮುಖ ನೋಡಿ, "ನಿಮ್ಮ ಕಡೆ ರಕ್ತ ಕಣೇ, ನನ್ನ ಬೈಬೇಡ," ಎಂದರು.

ಪೆಟ್ಟಿಗೆ ತುಂಬುವಾಗ ಅಪ್ಪನ ಹಳೆಯ ಧೋತರ ಒಂದನ್ನು ಮಡಚಿ ಒಳಗಿಟ್ಟೆ. ಅಪ್ಪ ಹೋದ ಮೇಲೆ ಊರಿನಿಂದ ನಾನು ತಂದುಕೊಂಡದ್ದು ಎರಡೇ, ಅವ್ವನ ಕಬ್ಬಿಣದ ಹಂಚು ಮತ್ತು ಈ ಧೋತರ. ಒಗೆದು ಒಗೆದು ಬೆಣ್ಣೆಯಂತಾಗಿತ್ತು. "ಚಳಿ ಇದ್ರೆ ಸ್ವೆಟರ್ ಒಳಗೆ ಸುತ್ಕೋ," ಎಂದೆ.

"ಅಮ್ಮ, ಇದು ಬೆಡ್‌ಶೀಟ್‌ಗಿಂತ ಉದ್ದ ಇದೆ ಲಾ," ಎಂದಳು, ಈ ಊರಿನವರ ಹಾಗೆ ಕೊನೆಗೊಂದು ಲಾ ಸೇರಿಸಿ. ಆದರೂ ಇಟ್ಟುಕೊಂಡಳು.

ಅವಳು ಹೋಗಿ ತಿಂಗಳಾಗಿತ್ತು. ಒಂದು ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಬ್ಯಾಗು ಇಟ್ಟು ಕಂಪ್ಯೂಟರ್ ಹಚ್ಚುತ್ತಿದ್ದೆ, ಫೋನ್ ಬಂತು. ಅಲ್ಲಿ ಇನ್ನೂ ಭಾನುವಾರದ ಸಂಜೆ. ಗಾಳಿಯ ಸದ್ದು ಎಷ್ಟಿತ್ತೆಂದರೆ ಮೊದಲು ಅವಳ ದನಿಯೇ ಕೇಳಲಿಲ್ಲ.

"ಅಮ್ಮ, ನಾನು ಲಾಸ್ಟ್ ಆಗ್ಬಿಟ್ಟಿದೀನಿ ಅನ್ಸುತ್ತೆ."

ಫೀಲ್ಡ್ ಸ್ಟೇಷನ್ನಿನಲ್ಲಿದ್ದ ಉಳಿದವರೆಲ್ಲ ರಜೆಗೆಂದು ದೊಡ್ಡ ಊರಿಗೆ ಹೋಗಿದ್ದರು. ಇವಳಿಗೆ ಬೇಸರವಾಗಿ ಹೊರಗೆ ಬಂದು ನೋಡಿದರೆ ದೂರದಲ್ಲಿ ಒಂದು ಕಾಳಿನ ಗೋಪುರ ಕಂಡಿತು. ಗೋಪುರ ಇದ್ದಲ್ಲಿ ಊರು, ಊರಿದ್ದಲ್ಲಿ ಒಂದು ಕಾಫಿ ಅಂಗಡಿಯಾದರೂ ಇದ್ದೀತು ಎಂದು ನಡೆದಳು. ಕಣ್ಣ ಅಳತೆಗೆ ಅದು ಎರಡು ಎಂಆರ್‌ಟಿ ಸ್ಟಾಪು. ಮಧ್ಯಾಹ್ನದ ಊಟ ಮಾಡಿ ಹೊರಟವಳು ನಡೆದೇ ನಡೆದಳು, ಗೋಪುರ ಇದ್ದಷ್ಟೇ ಇತ್ತು. ಬ್ಲಾಕಿನಿಂದ ಬ್ಲಾಕಿಗೆ ಕಣ್ಣು ಹಾಯಿಸಿ ಬೆಳೆದ ಹುಡುಗಿ. ಕಾಣುವುದೆಲ್ಲ ಹತ್ತಿರವೇ ಇರುತ್ತದೆ ಎಂದು ಅವಳ ಕಣ್ಣು ನಂಬಿತ್ತು. ಆಮೇಲೆ ಬೇಗ ಆಗಲೆಂದು ಒಂದು ಅಡ್ಡರಸ್ತೆ ಹಿಡಿದಳು, ಅಲ್ಲಿಂದ ಇನ್ನೊಂದು. ಒಂದು ತಗ್ಗಿಗೆ ಇಳಿದು ಹತ್ತಿದ ಮೇಲೆ ಎಲ್ಲ ರಸ್ತೆಯೂ ಒಂದೇ ಥರ. ಅಷ್ಟರಲ್ಲಿ ಗೋಪುರವೂ ಸಂಜೆಯ ಮಬ್ಬಿನಲ್ಲಿ ಕರಗಿತ್ತು.

"ಪೊಲೀಸ್‌ಗೆ ಕಾಲ್ ಮಾಡು," ಎಂದೆ.

"ವಾಕಿಂಗ್ ಬಂದು ಲಾಸ್ಟ್ ಆದೆ ಅಂತ ಹೇಳ್ಲಾ? ಎಷ್ಟು ಎಂಬರಾಸಿಂಗ್ ಲಾ ಅಮ್ಮ. ಬ್ಯಾಟರಿ ಬೇರೆ ಕಮ್ಮಿ ಇದೆ. ಫೋನ್ ಮ್ಯಾಪಲ್ಲಿ ಬರೀ ರೋಡ್ ಇದೆ, ಮನೆ ಯಾವ್ದೂ ಇಲ್ಲ. ನಿಮ್ಮ ಹತ್ರ ಮ್ಯಾಪ್ ಇದ್ಯಲ್ಲ, ಅದಕ್ಕೇ ಮಾಡಿದೆ."

ತಾನಿರುವ ಜಾಗವನ್ನು ಫೋನಿನಲ್ಲೇ ಕಳಿಸಿದಳು. ನನ್ನ ನಕ್ಷೆಯಲ್ಲಿ ತೆರೆದೆ. ಎಷ್ಟೋ ಸಲ ಹಾದುಹೋದ ಚೌಕಗಳು. ಆ ನೆಲದ ಮೇಲೆ ನಾನು ಒಂದು ಸಲವೂ ಕಾಲಿಟ್ಟಿಲ್ಲ, ಆದರೆ ಅದರ ಒಂದೊಂದು ಹೊಂಡವೂ ಗೊತ್ತು. ಈಗ ಅದರ ನಡುವೆ ನನ್ನ ಮಗಳು ನೀರಿನ ಬಾಟಲಿ ಹಿಡಿದು ನಿಂತಿದ್ದಾಳೆ. ಸ್ಟೇಷನ್ನು ಅಲ್ಲಿಂದ ಬಹಳ ದೂರ, ಕತ್ತಲಾಗುವ ಮೊದಲು ಮುಟ್ಟುವ ಮಾತಿಲ್ಲ. ಪಕ್ಕದ ಡೆಸ್ಕಿನ ಚೀನೀ ಸಹೋದ್ಯೋಗಿಗೆ ಫೀಲ್ಡ್ ಸ್ಟೇಷನ್ನಿನ ನಂಬರ್ ಕೊಟ್ಟು ಫೋನ್ ಮಾಡಲು ಹೇಳಿದೆ. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಸೂರ್ಯ ಎಲ್ಲಿದ್ದಾನೆ ನೋಡು," ಎಂದೆ.

"ಎಡಗಡೆ. ನೆಲಕ್ಕೆ ಹತ್ರ ಬಂದುಬಿಟ್ಟಿದಾನೆ. ಅಮ್ಮ, ನನ್ನ ನೆರಳು ಎಷ್ಟು ಉದ್ದ ಇದೆ ಗೊತ್ತಾ? ಹೊಲದ ಆ ಕಡೆ ತನಕ."

"ಹಾಗಾದ್ರೆ ನೀನು ಉತ್ತರಕ್ಕೆ ಮುಖ ಮಾಡಿದೀಯ. ಹಾಗೇ ನಡಿ. ರಸ್ತೆ ಒಂದು ಕಡೆ ಸೊಟ್ಟಗೆ ಪಕ್ಕಕ್ಕೆ ಹೋಗುತ್ತೆ, ಹೆದರ್ಕೋಬೇಡ, ಅದು ಭೂಮಿ ದುಂಡಗಿರೋದ್ರಿಂದ."

"ವಾಟ್?"

"ಆಮೇಲೆ ಹೇಳ್ತೀನಿ, ನಡಿ. ಅದು ದಾಟಿದ್ರೆ ಬಲಗಡೆ ಗಿಡದ ಸಾಲು ಕಾಣುತ್ತೆ. ಅಲ್ಲಿ ಮನೆ ಇದೆ."

ನಾನೇ ಇಟ್ಟ ಕೆಂಪು ಚುಕ್ಕಿ ಅದು. ಬ್ಯಾಟರಿ ಉಳಿಯಲೆಂದು ಫೋನ್ ಇಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಮಾಡು ಎಂದೆ. ಅವಳು ಇಡಲಿಲ್ಲ. "ಏನಾದ್ರೂ ಮಾತಾಡ್ತಾ ಇರಿ ಅಮ್ಮ," ಎಂದಳು. ಆ ದನಿಯಲ್ಲಿ ಅವಳು ಮಾತಾಡಿದ್ದು ಆರು ವರ್ಷದವಳಿದ್ದಾಗ, ಲಿಫ್ಟು ನಡುವೆ ನಿಂತಿದ್ದ ದಿನ. ಏನು ಹೇಳುವುದೆಂದು ತಿಳಿಯದೆ ಹಿತ್ತಲಿನ ಕಟ್ಟೆಯ ಕಥೆ ಹೇಳತೊಡಗಿದೆ. ಕಪ್ಪು ನೆಲ, ಅಪ್ಪನ ಧೋತರ, ಅವ್ವನ ಹಂಚು. ಮೊದಲು ಎಂದೂ ಅವಳಿಗೆ ಹೇಳಿರಲಿಲ್ಲ. ಅವಳ ಉಸಿರು, ಕಾಲಡಿಯ ಜಲ್ಲಿಕಲ್ಲಿನ ಸದ್ದು, ಗಾಳಿ. ನಡುವೆ ಒಮ್ಮೆ, "ರೋಡ್ ಸೊಟ್ಟ ಆಯ್ತು!" ಎಂದು ನಕ್ಕಳು. ಇನ್ನೊಮ್ಮೆ ನನ್ನ ಮಾತು ತಡೆದು, "ಅಮ್ಮ, ಆಕಾಶ ಇಷ್ಟು ದೊಡ್ಡದಿರುತ್ತಾ? ಕಾಲ ತನಕ ಬಂದಿದೆ," ಎಂದಳು. ಅದನ್ನು ಹೆದರಿ ಹೇಳಿದಳೋ ಸಂತೋಷದಿಂದಲೋ ಗೊತ್ತಾಗಲಿಲ್ಲ. ಬಹುಶಃ ಎರಡೂ ಇತ್ತು.

"ಗಿಡ ಕಾಣ್ತಾ ಇದೆ!" ಎಂದಳು ಕೊನೆಗೆ. ನಾನು ಕುರ್ಚಿಗೆ ಒರಗಿ ಉಸಿರು ಬಿಟ್ಟೆ. ಸಹೋದ್ಯೋಗಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಮಗಳು ಓಡುತ್ತಿರುವುದು ಕೇಳಿಸಿತು. ಆಮೇಲೆ ನಿಂತದ್ದು ಕೇಳಿಸಿತು.

"ಅಮ್ಮ... ಬಾಗಿಲಿಲ್ಲ. ರೂಫ್ ಒಳಗಡೆ ಬಿದ್ದಿದೆ. ಒಳಗೆಲ್ಲ ಹುಲ್ಲು ಬೆಳ್ದಿದೆ. ಇಲ್ಲಿ ಯಾರೂ ಇಲ್ಲ."

ಗಿಡಗಳು ಬದುಕಿದ್ದವು, ಮನೆ ಸತ್ತಿತ್ತು. ನಮ್ಮ ಕಡೆ ಹೀಗಾಗುವುದಿಲ್ಲ. ನೀರಿಲ್ಲದ ನಾಡಿನಲ್ಲಿ ಗಿಡಕ್ಕೆ ನೀರು ಹಾಕುವವರು ಹೋದರೆ ಗಿಡವೂ ಹೋಗುತ್ತದೆ. ಅಲ್ಲಿ ಬೇರು ಹಿಮದ ನೀರು ಕುಡಿದು ತಾನೇ ನಿಂತಿದೆ. ಅದು ನನಗೆ ಹೇಗೆ ಗೊತ್ತಾಗಬೇಕು? ನನ್ನ ಊರಿನ ಕಣ್ಣನ್ನು ಇನ್ನೊಂದು ಊರಿಗೆ ಹಾಕಿ ಮಗಳನ್ನು ಪಾಳುಮನೆಗೆ ಕಳಿಸಿದ್ದೆ.

ಇಷ್ಟು ವರ್ಷ ಒಗ್ಗಿದ್ದ ಮೈಸೂರು ಮಾತು ಬಾಯಿಂದ ಬಿದ್ದುಹೋಯಿತು. "ಅಲ್ಲೇ ನಿಂದರು. ಗಿಡದ ಮರಿಗೆ ಕುಂದ್ರು, ಗಾಳಿ ಬಡಿಯೂದಿಲ್ಲ. ಹೆದರಬ್ಯಾಡ ನನ ಮಗಳ, ನಾ ಬ್ಯಾರೆ ಮನಿ ಹುಡುಕ್ತೀನಿ—"

ಲೈನು ಸತ್ತಿತು. ಮತ್ತೆ ಮಾಡಿದರೆ ಫೋನು ಆಫ್.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಹೇಳಲು ಬರುವುದಿಲ್ಲ. ಸ್ಕ್ರೀನಿಗೆ ಮುಖ ಹತ್ತಿಸಿ ಕೂತೆ. ಪೂರ್ವಕ್ಕೆ ಎರಡು ಮೈಲಿ ಆಚೆ ಒಂದು ಮನೆ, ಅಂಗಳದಲ್ಲಿ ಹಸಿರು, ಒಂದು ವಾಹನದ ನೆರಳು. ಇಲ್ಲಿ ಖಂಡಿತ ಜನ ಇದ್ದಾರೆ. ಆದರೆ ಚಿತ್ರ ಹಳೆಯದು, ಮತ್ತು ಉಪಗ್ರಹಕ್ಕೆ ಮನೆಯ ಛಾವಣಿ ಕಾಣುತ್ತದೆಯೇ ಹೊರತು ಫೋನ್ ನಂಬರ್ ಕಾಣುವುದಿಲ್ಲ. ಆಕಾಶದಿಂದ ಎಲ್ಲವನ್ನೂ ನೋಡಬಲ್ಲೆನೆಂಬ ನನ್ನ ಜಂಬ ಅವತ್ತು ಮೂರು ಕಾಸಿಗೂ ಬೆಲೆಬಾಳಲಿಲ್ಲ. ಸಹೋದ್ಯೋಗಿ ಆ ದೇಶದ ಪೊಲೀಸರ ನಂಬರ್ ಹುಡುಕಿ ಡಯಲ್ ಮಾಡುತ್ತಿದ್ದಳು. ಅವಳು ನನ್ನ ಮುಂದೆ ಇಟ್ಟ ಕಾಫಿ ಆರಿ ಕೆನೆಗಟ್ಟಿತ್ತು. ಕೆಳಗೆ ರೈಲುಗಳು ತಪ್ಪದೆ ಬರುತ್ತಿದ್ದವು, ಹೋಗುತ್ತಿದ್ದವು. ಅಲ್ಲಿ ಈಗ ಸೂರ್ಯ ಮುಳುಗಿರುತ್ತಾನೆ ಎಂದು ಲೆಕ್ಕ ಹಾಕಿ, ಹಾಕಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ವಯಸ್ಸಾದ ಹೆಂಗಸಿನ ದನಿ, ಇಂಗ್ಲಿಷು, ಯಾವ ಅವಸರವೂ ಇಲ್ಲ. ಮೊದಲ ಮಾತೇ, ನಿಮ್ಮ ಹುಡುಗಿ ಇಲ್ಲಿದ್ದಾಳೆ, ಕೈಕಾಲು ನೆಟ್ಟಗಿವೆ, ಸ್ವಲ್ಪ ಚಳಿ ಹಿಡಿದಿದೆ ಅಷ್ಟೆ ಎಂದರು. ನಾನು ಕೇಳಿಸಿಕೊಳ್ಳುತ್ತಿದ್ದೇನೋ ಇಲ್ಲವೋ ಎಂದೂ ನೋಡದೆ ಅವರು ಹೇಳುತ್ತಲೇ ಹೋದರು: ಮಧ್ಯಾಹ್ನದಿಂದ ನಿಮ್ಮ ಹುಡುಗಿ ನನ್ನ ಅಡುಗೆಮನೆ ಕಿಟಕಿಯಲ್ಲಿದ್ದಳು. ಮೊದಲು ನಿನ್ನೆ ಇಲ್ಲದ ಬೇಲಿಗೂಟ ಇವತ್ತು ಎಲ್ಲಿಂದ ಬಂತು ಅಂದುಕೊಂಡೆ. ಆಮೇಲೆ ಅದು ನಡೆಯತೊಡಗಿತು. ಇಲ್ಲಿ ಯಾರೂ ನಡೆಯುವುದಿಲ್ಲ, ಆದರೆ ನಡೆಯುವವರನ್ನು ತಡೆದು ಕೇಳುವುದು ನನ್ನ ಕೆಲಸವಲ್ಲ. ಪಾತ್ರೆ ತೊಳೆಯುತ್ತ ನೋಡುತ್ತಿದ್ದೆ, ಬಟ್ಟೆ ಮಡಚುತ್ತ ನೋಡುತ್ತಿದ್ದೆ. ಹೊತ್ತು ಮುಳುಗುವಾಗ ನನ್ನ ಅಜ್ಜಿಯ ಹಳೆಯ ಮನೆಯ ಕಡೆ ತಿರುಗಿದಳು ನೋಡಿ, ಅಲ್ಲಿ ಅವಳಿಗೆ ಯಾರೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಲೆಯ ಮೇಲೆ ಸೂಪ್ ಇಟ್ಟು ಟ್ರಕ್ಕು ತೆಗೆದೆ. ವಾಪಸ್ ಬರುವಷ್ಟರಲ್ಲಿ ಬಿಸಿಯಾಗಿರುತ್ತದಲ್ಲ.

ಒಲೆಯ ಮೇಲೆ ಇಟ್ಟು ಹೊರಟೆ ಎಂದರಲ್ಲ, ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಆಫೀಸಿನ ನಡುವೆ ಕೂತು ಗಟ್ಟಿಯಾಗಿ ಅತ್ತೆ. ಅವರು ಯಾರೋ, ಅವರ ಅಜ್ಜಿ ಯಾವ ದೇಶದಿಂದ ಹಡಗು ಹತ್ತಿ ಬಂದವಳೋ. ಆದರೆ ದೂರದಲ್ಲಿ ಒಂದು ಚುಕ್ಕಿ ಕಂಡರೆ ಒಲೆ ಹಚ್ಚಬೇಕೆಂದು ಬಯಲು ನಮ್ಮ ಅವ್ವನಿಗೆ ಕಲಿಸಿದ್ದನ್ನೇ ಅವರಿಗೂ ಕಲಿಸಿತ್ತು. ಮಗಳು ಎಲ್ಲರಿಂದ ದೂರ, ಒಬ್ಬಳೇ ಇದ್ದಾಳೆಂದು ನಾನು ಇಲ್ಲಿ ನಡುಗುತ್ತಿದ್ದೆ. ಅಲ್ಲಿ ಅವಳು ಒಂದು ಕ್ಷಣವೂ ಅವರ ಕಣ್ಣಿಂದ ಮರೆಯಾಗಿರಲಿಲ್ಲ.

ಆದರೆ ತಾಯಿಯ ಜೀವ. ಅಳು ನಿಂತ ಮೇಲೆ ಸಿಟ್ಟು ಬಂತು. ಮಾರನೆಯ ದಿನ ಮಗಳಿಗೆ ಫೋನ್ ಮಾಡಿ, "ಸಾಕು. ಬಂದ್ಬಿಡು. ಇಲ್ಲೂ ಯೂನಿವರ್ಸಿಟಿ ಇದೆ, ಇಲ್ಲೂ ಹುಲ್ಲು ಇದೆ," ಎಂದೆ. ನಮ್ಮನೆಯವರ ತಲೆ ತಿಂದು, ತಿಂಗಳ ಕೊನೆಗೆ ಅವಳು ವಾಪಸ್ ಬರುವ ಟಿಕೆಟ್ ಬುಕ್ ಮಾಡಿಸಿದೆ. ನಾನು ಇಟ್ಟಿದ್ದ ಕೆಂಪು ಚುಕ್ಕಿಯನ್ನು ಅಳಿಸಿ ಬೂದು ಚುಕ್ಕಿ ಇಟ್ಟೆ. ಅಷ್ಟಕ್ಕೇ ಬಿಡದೆ, ನನ್ನ ಭಾಗದಲ್ಲಿದ್ದ ಗಿಡದ ಸಾಲುಗಳನ್ನೆಲ್ಲ ಮತ್ತೆ ಒಂದೊಂದಾಗಿ ನೋಡಿದೆ. ಅಂಗಳದಲ್ಲಿ ಹಸಿರಿಲ್ಲ, ವಾಹನವಿಲ್ಲ, ಮನೆಯ ತನಕ ಗಾಲಿಯ ಗುರುತಿಲ್ಲ. ಒಂದಾದ ಮೇಲೆ ಒಂದು ಕೆಂಪು ಚುಕ್ಕಿ ಬೂದಾಗುತ್ತ ಹೋಯಿತು. ಇಷ್ಟು ಜನ ಬಂದಿದ್ದರೇ, ಇಷ್ಟು ಜನ ಎದ್ದು ಹೋದರೇ ಎಂದು ಎಣಿಸುತ್ತ ಕೂತೆ. ವರ್ಷಗಟ್ಟಲೆ ಅವರನ್ನೆಲ್ಲ ನಾನು ಮನೆಯಲ್ಲೇ ಕೂರಿಸಿಟ್ಟಿದ್ದೆ.

ಕೆಲವು ದಿನ ಬಿಟ್ಟು ಮಗಳೇ ಫೋನ್ ಮಾಡಿದಳು. ಬೈಗುಳಕ್ಕೆ ಎದುರಾಡದೆ ತಾನು ಕಂಡದ್ದನ್ನು ಹೇಳತೊಡಗಿದಳು. ಟ್ರಕ್ಕಿನಲ್ಲಿ ಬಂದಿದ್ದ ಆ ಆಂಟಿ ಅವಳನ್ನು ತಮ್ಮ ಅಜ್ಜಿಯ ಪಾಳುಮನೆಗೆ ಮತ್ತೆ ಕರೆದೊಯ್ದಿದ್ದರಂತೆ. ಅಜ್ಜಿ ಹೊಂಡದಿಂದ ಬಕೆಟಿನಲ್ಲಿ ನೀರು ಹೊತ್ತು ಆ ಗಿಡಗಳನ್ನು ಉಳಿಸಿದಳಂತೆ. ಸಾಲು ಸಾಲು ಬರ ಬಂದು ಮಣ್ಣೇ ಎದ್ದು ಹಾರಿಹೋದ ಕಾಲದಲ್ಲಿ ಸುತ್ತಲಿನವರೆಲ್ಲ ಬಿಟ್ಟು ಹೋದರು, ಅಜ್ಜಿ ಹೋಗಲಿಲ್ಲ. ಮನೆಯ ಹಿಂದಿನ ದಿಬ್ಬವನ್ನು ಮಾತ್ರ ಅವರ ಮನೆತನದವರು ಎಂದೂ ಉತ್ತಿಲ್ಲ. ಅಲ್ಲಿ ದುಂಡಗೆ ಜೋಡಿಸಿದ ಕಲ್ಲುಗಳಿವೆ. ಯಾರೂ ಗೆರೆ ಎಳೆಯುವ ಮೊದಲು, ಕಾಡೆಮ್ಮೆಗಳ ಹಿಂದೆ ತಿರುಗುತ್ತಿದ್ದ ಜನ ಡೇರೆ ಹಾರದಿರಲೆಂದು ಅಂಚಿಗೆ ಇಟ್ಟ ಕಲ್ಲುಗಳು. ಡೇರೆ ಹೋಗಿದೆ, ಕಲ್ಲು ಹಾಗೇ ಇದೆ, ಕಲ್ಲಿನ ಸುತ್ತ ಅದೇ ಹಳೆಯ ಹುಲ್ಲು.

"ಅಮ್ಮ, ಹುಲ್ಲು ನನ್ನ ಮೊಣಕಾಲ ತನಕ ಅಷ್ಟೇ ಇದೆ. ನಿನ್ನೆ ಪಕ್ಕದಲ್ಲಿ ಗುಂಡಿ ತೋಡಿ ಇಳಿದೆ. ಬೇರು ನನ್ನ ತಲೆಗಿಂತ ಕೆಳಗೆ ಹೋಗ್ತಾ ಇದೆ, ಇನ್ನೂ ಮುಗ್ದಿಲ್ಲ. ನೀವೆಲ್ಲ ಮೇಲಿಂದ ನೋಡಿ ಏನೂ ಇಲ್ಲ ಅಂತ ಬ್ರೌನ್ ಕಲರ್ ಹಾಕ್ತೀರಲ್ಲ, ಎಲ್ಲಾ ಕೆಳಗಡೆ ಇದೆ."

ನನಗೆ ನೆಲದೊಳಗಿನ ಹಗೇವು ನೆನಪಾಯಿತು. ನಮ್ಮವರೂ ಮುಖ್ಯವಾದದ್ದನ್ನು ಮೇಲೆ ಇಡುತ್ತಿರಲಿಲ್ಲ.

"ಇಲ್ಲಿ ಮಳೆ ಬರೋದು ಮುಂಚೇನೇ ಕಾಣುತ್ತೆ ಅಮ್ಮ. ದೂರದಲ್ಲಿ ಪರದೆ ಥರ ನಿಂತಿರುತ್ತೆ. ನಾನು ಬರಲ್ಲ," ಎಂದಳು. ಮಳೆಯ ಮಾತು ಮತ್ತು ತನ್ನ ಮಾತು, ಎರಡನ್ನೂ ಒಂದೇ ಉಸಿರಿನಲ್ಲಿ. ನಾನು ಟಿಕೆಟ್ ಆಗಿದೆ ಎಂದೆ. ಅವಳು, "ನಿಮ್ಮ ಸ್ಯಾಟಲೈಟ್ ಮತ್ತೆ ಇಲ್ಲಿ ಮೇಲೆ ಯಾವಾಗ ಬರುತ್ತೆ?" ಎಂದು ಕೇಳಿದಳು. ಮೋಡ ಇಲ್ಲದಿದ್ದರೆ ಗುರುವಾರ, ನಿಮ್ಮ ಬೆಳಗಿನ ಹನ್ನೊಂದರ ಸುಮಾರಿಗೆ, ಯಾಕೆ ಎಂದೆ. ಸುಮ್ಮನೆ ಎಂದಳು.

ಅದರ ಮುಂದಿನ ವಾರ ಹೊಸ ಚಿತ್ರ ಬಂತು. ನನ್ನ ಕೆಲಸ ಮೂಲೆಯಿಂದ ಶುರುವಾಗಬೇಕು, ಆದರೆ ಕೈ ನೇರವಾಗಿ ಆ 'ಬೂದು ಚುಕ್ಕಿ'ಗೆ ಹೋಯಿತು. ಕಟಾವು ಮುಗಿದು ಸುತ್ತ ಎಲ್ಲ ಹೊಲಗಳೂ ಒಣಗಿ ಬಣ್ಣ ಬಿಟ್ಟಿದ್ದವು. ಗಿಡದ ಸಾಲು ಎಲೆ ಉದುರಿಸಿತ್ತು. ಅದರ ಹಿಂದೆ, ಉಳದ ದಿಬ್ಬದ ಕಂದು ಹುಲ್ಲಿನ ಮೇಲೆ, ಒಂದು ಸಣ್ಣ ಬಿಳಿ ಗೀಟು.

ಸಹೋದ್ಯೋಗಿ ಬಗ್ಗಿ ನೋಡಿ, ಇಮೇಜಿನಲ್ಲಿ ಏನೋ ದೋಷವಿದೆ, ಅಳಿಸಿಬಿಡು ಎಂದಳು.

ನಾನು ಇನ್ನೂ ಹತ್ತಿರಕ್ಕೆ ಎಳೆದೆ. ಗೀಟು ಒಡೆದು ಬಿಳಿ ಚೌಕಗಳಾದವು, ಒಂದರ ಪಕ್ಕ ಒಂದು. ಅಗಲಕ್ಕೆ ಎರಡು, ಉದ್ದಕ್ಕೆ ಏಳೆಂಟು. ಬಟ್ಟೆಯನ್ನು ಪೂರ್ತಿ ಬಿಚ್ಚಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಇಟ್ಟಿರಬೇಕು. ಒಂದು ತುದಿಗೆ ಚೂರು ಕಪ್ಪು. ಅದು ಅವಳ ನೆರಳೋ, ಅವಳೋ. ವರ್ಷಗಟ್ಟಲೆ ಎರೆಹೊಲದಲ್ಲಿ ನಡೆದಾಡಿದ ಅಪ್ಪನ ಧೋತರ ಅದು. ನಾನು ಪಾಯಾ ಲೆಬಾರ್‌ನ ಆಫೀಸಿನಲ್ಲಿ, ಆಕಾಶದ ಆ ಕಡೆಯಿಂದ, ಮತ್ತೆ ಹಿತ್ತಲಿನ ಕಟ್ಟೆ ಹತ್ತಿ ನಿಂತಿದ್ದೆ. ಎಷ್ಟು ದೊಡ್ಡದು ಮಾಡಿದರೂ ಅದು ಮುಖವಾಗಲಿಲ್ಲ. ಕಣ್ಣಿಗೆ ನೀರು ಬಂದು ಅದೂ ಕಾಣದಾಯಿತು. ದೋಷವಲ್ಲ ಎಂದು ಸಹೋದ್ಯೋಗಿಗೆ ಹೇಳಿ, ಆ ಚೌಕಗಳನ್ನು ಹಾಗೇ ಉಳಿಸಿದೆ.

ಸಂಜೆ ಲಿಟಲ್ ಇಂಡಿಯಾಕ್ಕೆ ಹೋಗಿ ಜೋಳದ ಹಿಟ್ಟು ತಂದೆ. ಅಲ್ಲಿ ಸಿಗುವ ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಇರಲಿ. ಪಾಸಿರ್ ರಿಸ್‌ಗೆ ಬಂದು ಚಪ್ಪಲಿ ಬಿಟ್ಟವಳೇ ಅವ್ವನ ಹಂಚನ್ನು ತೆಗೆದು ಒಲೆಯ ಮೇಲಿಟ್ಟೆ. ಸದ್ದು ಕೇಳಿ ನಮ್ಮನೆಯವರು ಅಡುಗೆಮನೆ ಬಾಗಿಲಿಗೆ ಬಂದರು.

"ಏನಿವತ್ತು ರೊಟ್ಟಿ? ಯಾರು ಬರ್ತಾ ಇದಾರೆ?"

"ಮಗಳು."

"ಟಿಕೆಟ್ ತಿಂಗಳ ಕೊನೆಗಲ್ವಾ?"

"ಆ ಟಿಕೆಟ್ ಕ್ಯಾನ್ಸಲ್ ಮಾಡ್ರಿ," ಎಂದೆ. "ಆಕಿ ಇನ್ನೂ ದೂರ ಅದಾಳ. ಧೋತರ ಕಂಡ್ತು, ಅಷ್ಟ."